ನಾಯಿ ಹಬ್ಬದ ಹಾರ

"ನಾಯಿಗಳಾ, ತಿನ್ನೋಕೆ ಮಾತ್ರ ಮುಂದೆ ಬರ್ತೀರ, ಕೆಲಸ ಅಂದ್ರೆ ಬಾಲ ಮುದುರ್ಕೊಂಡು ಮೂಲೆ ಸೇರ್ತೀರ."

ರಾಜಗೋಪಾಲ ಸಾಹೇಬರು ಕುವೈತಿನ ಸುಲೈಬಿಯಾದ ತರಕಾರಿ ಉಗ್ರಾಣದ ಬಾಗಿಲಲ್ಲಿ ನಿಂತು ಬೆಳಗಿನ ಮಂತ್ರಪುಷ್ಪ ಶುರು ಮಾಡಿದಾಗ ಮಲಕಾಜಪ್ಪನ ಹೆಗಲ ಮೇಲೆ ಈರುಳ್ಳಿ ಚೀಲವಿತ್ತು. ಅವನು ನಿಲ್ಲಲಿಲ್ಲ. ಈ ಬೈಗುಳ ಎಲ್ಲರಿಗೂ ಸೇರಿದ್ದು, ಬಂಗಾಲಿಗೂ, ನೇಪಾಳಿಗೂ, ವಿಜಯಪುರದವನಿಗೂ. ಈ ಒಂದು ವಿಷಯದಲ್ಲಿ ಸಾಹೇಬರು ಭೇದಭಾವ ಮಾಡುವವರಲ್ಲ.

ಸಾಹೇಬರು ಮೈಸೂರು ಕಡೆಯವರು, ಉಗ್ರಾಣದ ಮ್ಯಾನೇಜರು. ಕನ್ನಡಿಗರೆಲ್ಲ ಒಂದೇ ಕುಟುಂಬ ಎಂದು ಕುವೈತ್ ಸಿಟಿಯ ಸಭೆಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವರು. ಸಭೆಯ ಕುರ್ಚಿ ಹೊರಲು ಅದೇ ಕುಟುಂಬದ ಮಲಕಾಜಪ್ಪನನ್ನು ಕಾರಿನಲ್ಲಿ ಕರೆದೊಯ್ದಿದ್ದರು. ಅವನು ಕೂರುವ ಮೊದಲು ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿದ್ದರು.

"ಏಯ್ ಮಲಕಾಜಪ್ಪ, ಬಾ ಇಲ್ಲಿ. ಆ ಬಹಾದ್ದೂರ್‌ಗಳಿಗೆ ಇವತ್ತೇನೋ ಹಬ್ಬವಂತೆ?" ನೇಪಾಳದವರಿಗೆಲ್ಲ ಸಾಹೇಬರು ಇಟ್ಟಿದ್ದು ಅದೊಂದೇ ಹೆಸರು.

"ಹೌದ್ರಿ ಸರ. ತಿಹಾರ ಅಂತಾರ್ರಿ. ನಮ್ಮ ದೀಪಾವಳಿ ಇದ್ದಂಗ."

"ಏನ್ ಮಾಡ್ತಾರೆ?"

"ಹಾರ ಹಾಕತಾರ್ರಿ. ಹಣಿಗೆ ಕೆಂಪು ತಿಲಕ ಹಚ್ಚತಾರ್ರಿ. ಚೊಲೋ ಊಟ ಕೊಡ್ತಾರ್ರಿ."

ಯಾರಿಗೆ ಎಂದು ಸಾಹೇಬರು ಕೇಳಲಿಲ್ಲ. ಹಾರವೊಂದು ತಯಾರಾಗಿದೆ ಎಂದ ಮೇಲೆ ಅದು ಯಾವ ಕುತ್ತಿಗೆಗೆ ಬೀಳಬೇಕು ಎಂಬುದನ್ನು ಅವರು ಹುಟ್ಟುವಾಗಲೇ ಕಲಿತು ಬಂದಿದ್ದರು.

"ಗುಡ್. ಹೆಡ್ ಆಫೀಸಿಂದ ವೈಲೆಟ್ ಮೇಡಂ ಬರ್ತಿದ್ದಾರೆ, ವರ್ಕರ್ಸ್ ವೆಲ್ಫೇರ್ ಅಂತ ವಿಡಿಯೋ ಬೇಕಂತೆ. ಎಲ್ಲರ ಮುಂದೆ ನನಗೆ ಹಾರ ಹಾಕಿಸು. ಒಬ್ಬ ನೀಟಾಗಿರೋನನ್ನ ನೋಡು. ತಲೆ ಮೇಲೆ ಅವರ ಟೋಪಿ ಇರ್ಲಿ."

"ಲಾಲ್‌ಬೀರ್ ಅದಾನಲ್ರಿ. ಹಾರ ಅಂವನ ಕಟ್ಟಾಕತ್ತಾನ."

"ಯಾವ ಜನ ಅವನು? ಹಣೆ ಮುಟ್ಟೋ ವಿಷಯ, ಕೇಳ್ಬೇಕಲ್ಲ."

ಲಾಲ್‌ಬೀರ್ ಸಾರ್ಕಿ. ಅವನ ಬೆಟ್ಟದೂರಿನಲ್ಲಿ ಸಾರ್ಕಿ ಎಂದರೆ ಚರ್ಮ ಹದ ಮಾಡಿ ಜೋಡು ಹೊಲಿಯುವವರು, ಮೇಲಿನವರ ನೀರಿನ ಗಡಿಗೆ ಮುಟ್ಟಬಾರದವರು. ಮಲಕಾಜಪ್ಪನ ಅಪ್ಪನೂ ಅದೇ ಕೆಲಸದಲ್ಲಿ ಬೆರಳು ಸವೆಸಿಕೊಂಡವನು. ಕ್ಯಾಂಪಿನ ಕಬ್ಬಿಣದ ಮಂಚದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ ಮಲಗತೊಡಗಿದ ಮೊದಲ ವಾರದಲ್ಲೇ ಇಬ್ಬರೂ ಈ ಗಂಟು ಬಿಚ್ಚಿಕೊಂಡು ನಕ್ಕಿದ್ದರು.

"ಭಾಳ ದೊಡ್ಡ ಮಂದಿರಿ ಸರ," ಎಂದ ಮಲಕಾಜಪ್ಪ.

"ಹಂಗಿದ್ರೆ ಸರಿ. ನಾಳೆ ಊರಿಗೆ ಫ್ಲೈಟ್ ಅಲ್ವಾ ಅವನಿಗೆ, ಪಾಸ್‌ಪೋರ್ಟ್ ನನ್ನ ಹತ್ರ ಇದೆ ಅಂತ ನೆನಪು ಮಾಡು. ಫಂಕ್ಷನ್ ಚೆನ್ನಾಗಿ ಆದ್ರೆ ಇವತ್ತೇ ಕೈಗೆ ಕೊಡ್ತೀನಿ. ಮತ್ತೆ ಆ ಕರಿ ನಾಯಿ ಇದೆಯಲ್ಲ, ಅದನ್ನ ತಗೊಂಡೋಗೋಕೆ ವ್ಯಾನ್ ಹೇಳಿದೀನಿ. ಸೂಜಿ ಚುಚ್ಚಿ ಮುಗಿಸ್ತಾರೆ. ಯಲ್ಲಾ, ಹೋಗು."

ಲಾಲ್‌ಬೀರ್ ತರಕಾರಿ ಇಡುವ ತಣ್ಣನೆ ಕೋಣೆಯ ಹಿಂದೆ ಕುಳಿತಿದ್ದ. ಕೊಳೆತವೆಂದು ಎಸೆದ ಚೆಂಡುಹೂವಿನ ಪೆಟ್ಟಿಗೆಯಿಂದ ಚೆನ್ನಾಗಿದ್ದವನ್ನು ಆರಿಸಿ ಗೋಣಿದಾರಕ್ಕೆ ಪೋಣಿಸುತ್ತಿದ್ದ. ಕರಿ ನಾಯಿ ಅವನ ಕಾಲ ಬಳಿ ಮಲಗಿತ್ತು. ಅವನಿಗೆ ಬರುವ ಕನ್ನಡವೆಲ್ಲ ಮಲಕಾಜಪ್ಪನ ಕೋಣೆಯಲ್ಲಿ ಕಲಿತದ್ದು, ಅದರಲ್ಲಿ ಅರ್ಧ ಬೈಗುಳ.

"ಲೇ ತಮ್ಮಾ, ತಿಹಾರದಾಗ ಇವತ್ತ ಯಾರ ಪೂಜಿ ಅಂದಿದ್ದಿ?"

"ನಾಯಿದು, ದಾಯಿ." ಅಣ್ಣನಿಗೆ ಅವನ ಭಾಷೆಯಲ್ಲಿ ದಾಯಿ. "ನಿನ್ನಿ ಕಾಗಿದು ಆತು. ಇವತ್ತ ನಾಯಿದು. ನಾಳೆ ಆಕಳದು. ಕಡೀ ದಿನ ಅಣ್ಣತಮ್ಮರದು."

ಮಲಕಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರ ಅಪ್ಪಣೆಯನ್ನು ಅಕ್ಷರ ಬಿಡದೆ ಒಪ್ಪಿಸಿ, ಕಣ್ಣೊರೆಸಿಕೊಂಡು ಹೇಳಿದ: "ಆ ಭಾಡ್ಯಾ ತಾನಾಗೇ ಬಂದು ಕುತಗಿ ಕೊಡಾಕತ್ತಾನ. ಹಾಕಿಬಿಡು. ನಾಯಿ ತಿಲಕ ಬಡಿ ಅವನ ಹಣಿಗೆ. ಪಾಸ್‌ಪೋರ್ಟ್ ಇಸ್ಕೊಂಡು ನಾಳೆ ವಿಮಾನ ಹತ್ತು. ನಾವು ಇಲ್ಲಿ ಸಾಯೂಮಟ ನಗತೀವಿ."

ಲಾಲ್‌ಬೀರ್ ನಗಲಿಲ್ಲ. "ಈಕಿಗೆ ಅವಮಾನ ಆಗತೈತಿ, ದಾಯಿ."

"ಯಾರಿಗೆ?"

"ನಾಯಿಗೆ."

ಮಲಕಾಜಪ್ಪನ ನಗು ಅಲ್ಲಿಗೇ ನಿಂತಿತು. ಆಗಸ್ಟಿನ ಮಟಮಟ ಮಧ್ಯಾಹ್ನ ಲಾಲ್‌ಬೀರ್ ಕಂಟೇನರಿನ ಹಿಂದೆ ಬಿಸಿಲಿಗೆ ಕುಸಿದುಬಿದ್ದಿದ್ದ. ಸಾಹೇಬರು ಕಿಟಕಿಯಿಂದ ನೋಡಿ, ನಾಟಕ ಆಡ್ತಾನೆ ಎಂದು ಪರದೆ ಎಳೆದಿದ್ದರು. ಈ ನಾಯಿ ಬೊಗಳಿ ಬೊಗಳಿ ಮಲಕಾಜಪ್ಪನ ಪ್ಯಾಂಟು ಹಿಡಿದು ಜಗ್ಗಿದ ಮೇಲೆಯೇ ಜನ ಓಡಿದ್ದು. ಸುದ್ದಿ ಫೋನಿನಲ್ಲಿ ಬೆಟ್ಟ ಹತ್ತಿತು. ಅಂದಿನಿಂದ ಅವನ ತಂಗಿಯದು ಒಂದೇ ಹಟ, ಈ ತಿಹಾರಕ್ಕೆ ಅಣ್ಣ ಎದುರಿಗೆ ಕೂರಲೇಬೇಕು. ಅವಳು ಅವನ ಸುತ್ತ ಎಣ್ಣೆಯ ಗೆರೆ ಎಳೆದು, ಹೊಸ್ತಿಲಲ್ಲಿ ಅಕ್ರೋಟು ಜಜ್ಜಿ, ಹಣೆಗೆ ಏಳು ಬಣ್ಣ ಹಚ್ಚಿದರೆ ಯಮ ಆ ಗೆರೆ ದಾಟುವುದಿಲ್ಲವಂತೆ. ಊರು ಬಿಟ್ಟ ಮೇಲೆ ಲಾಲ್‌ಬೀರ್ ಒಂದು ಸಲವೂ ಆ ಗೆರೆಯೊಳಗೆ ಕೂತಿರಲಿಲ್ಲ.

"ಯಮನ ಬಾಗಲಾಗ ಕುಂಡ್ರೂದು ನಾಯಿ, ದಾಯಿ. ನಾ ಹೋಗೂದಿತ್ತು, ಈಕಿ ಒದರಿ ಒದರಿ ನಿಂದರಿಸಿದ್ಳು. ಅಂವ ಪರದೆ ಎಳದ. ಈಕಿ ಹಾರ ಅವಂಗ ಹೆಂಗ ಹಾಕ್ಲಿ?"

"ಹುಚ್ಚ ಸೂಳಿಮಗನ, ಅಲ್ಲಿ ತಂಗಿ ದಾರಿ ಕಾಯಾಕತ್ತಾಳ."

ಲಾಲ್‌ಬೀರ್ ತಲೆ ತಗ್ಗಿಸಿ ಇನ್ನೊಂದು ಹೂವು ಪೋಣಿಸಿದ.

ವೈಲೆಟ್ ಮೇಡಂ ಬಂದರು. ಕೂಲಿಗಳನ್ನೆಲ್ಲ ಅಂಗಳದ ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ನೆರಳಿನಲ್ಲಿ ಒಂದು ಕುರ್ಚಿ ಹಾಕಿದ್ದರು. ಸಾಹೇಬರು ಕೋಟು ತೊಟ್ಟು ಕೂದಲಿಗೆ ನೀರು ಸವರಿಕೊಂಡಿದ್ದರು. ಎದೆಯ ಜೇಬಿನಿಂದ ಲಾಲ್‌ಬೀರನ ಪಾಸ್‌ಪೋರ್ಟು, ಎಲ್ಲರಿಗೂ ಕಾಣಲಿ ಎಂದೇ, ಅರ್ಧ ಹೊರಗಿತ್ತು. ಇಂದಿನ ಹಬ್ಬ ಯಾರದೆಂದು ಸಾಲಿಗೆ ಸಾಲೇ ತಿಳಿದಿತ್ತು. ಫೋರ್ಕ್‌ಲಿಫ್ಟ್ ಓಡಿಸುವ ಮಂಗಳೂರು ಕಡೆಯ ಅಹ್ಮದ್ ಬಾವಾ ನಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಂಡಿದ್ದ. ಮಲಕಾಜಪ್ಪ ಮಾತ್ರ ಆ ಪಾಸ್‌ಪೋರ್ಟಿನಿಂದ ಕಣ್ಣು ಕೀಳಲಿಲ್ಲ. ಹಾಕಿಬಿಡಪ್ಪಾ, ಹಾಕಿ ಊರಿಗೆ ಹೋಗು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಲಾಲ್‌ಬೀರ್ ತಟ್ಟೆ ಹಿಡಿದು ಬಂದ. ಹಾರ, ಮೊಸರಿನಲ್ಲಿ ಕಲಸಿದ ಕೆಂಪು ಅಕ್ಕಿ, ಕೋಳಿಯ ತುಂಡು. ಸಾಹೇಬರು ಎದ್ದು, ಕ್ಯಾಮೆರಾದ ಕಡೆ ಒಂದು ನಗೆ ಬೀರಿ, ಕುತ್ತಿಗೆ ಬಗ್ಗಿಸಿದರು.

"ಕಮಾನ್, ಬಹಾದ್ದೂರ್."

ಲಾಲ್‌ಬೀರ್ ಆ ಕುತ್ತಿಗೆಯನ್ನು ದಾಟಿಕೊಂಡು ಹೋದ. ಮರದ ಹಲಗೆಗಳ ರಾಶಿಯ ಕೆಳಗೆ ಮಲಗಿದ್ದ ನಾಯಿಯ ಮುಂದೆ ಮೊಣಕಾಲೂರಿ, ಹಾರ ಹಾಕಿ, ಅದರ ಹಣೆಗೆ ತಿಲಕ ಒತ್ತಿ, ಕೋಳಿ ಇಟ್ಟು, ಕೈ ಮುಗಿದ. ವೈಲೆಟ್ ಮೇಡಂಗೆ ಇದೂ ಕಾರ್ಯಕ್ರಮದ ಭಾಗವೆಂದೇ ಅನಿಸಿತು. "ಸೋ ಸ್ವೀಟ್," ಎನ್ನುತ್ತ ಕ್ಯಾಮೆರಾ ಅತ್ತ ತಿರುಗಿಸಿದರು.

ಬಗ್ಗಿದ ಕುತ್ತಿಗೆ ಬಗ್ಗಿದ ಹಾಗೇ ಕೇಳಿತು, "ಏನೋ ಇದು?"

"ಇವತ್ತ ನಾಯಿ ಹಬ್ಬರಿ ಸರ. ನಿಮಗ ಇದರಾಗ ಪಾಲಿಲ್ರಿ," ಎಂದ ಲಾಲ್‌ಬೀರ್.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ತಲೆ ಎತ್ತಿದಾಗ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಪಾಸ್‌ಪೋರ್ಟನ್ನು ಜೇಬಿನ ತಳಕ್ಕೆ ಒತ್ತಿದರು.

"ಖಲಾಸ್. ನಾಳೆ ಅದು ಹೆಂಗೆ ಫ್ಲೈಟ್ ಹತ್ತುತೀಯೋ ನಾನೂ ನೋಡ್ತೀನಿ, ಬೋಳಿಮಗನೇ. ಮಲಕಾಜಪ್ಪ, ಆ ದರಿದ್ರ ಹಾರ ಕಿತ್ತು ಬಿಸಾಕು. ನಾಯೀನ ಹಿಡ್ಕೊ, ವ್ಯಾನ್ ಬಂತು."

ವ್ಯಾನು ಗೇಟಿನೊಳಗೆ ಬರುತ್ತಿತ್ತು. ಮಲಕಾಜಪ್ಪ ಸಾಲು ಬಿಟ್ಟು ನಡೆದ. ಅವನ ಪಾಸ್‌ಪೋರ್ಟೂ ಸಾಹೇಬರ ಡ್ರಾಯರಿನಲ್ಲೇ ಇತ್ತು. ನಾಯಿಯ ಕೊರಳಿಗೆ ಕೈ ಹಾಕಿದ. ಅದು ಅವನ ಕೈ ನೆಕ್ಕಿತು. ಅವನು ಹಾರ ಕೀಳಲಿಲ್ಲ. ನಾಯಿಯ ಪಕ್ಕದಲ್ಲೇ ಮಂಡಿಯೂರಿ ಲಾಲ್‌ಬೀರನಿಗೆ ಹಣೆ ಕೊಟ್ಟ.

"ನನಗೂ ಹಚ್ಚು."

"ದಾಯಿ?"

"ಹಚ್ಚಲೇ. ದಿನಾ ಮುಂಜಾನೆ ಎದ್ದು ಅಂವ ನನ್ನ ಏನಂತ ಕರೀತಾನ? ಹಬ್ಬದ ದಿನಷ್ಟ ನಾ ಮನಿಷ್ಯಾ ಆಗಬೇಕೇನು?"

ಲಾಲ್‌ಬೀರನ ಹೆಬ್ಬೆರಳು ಅವನ ಹಣೆಯ ಮೇಲೆ ಒತ್ತಿತು. ತಣ್ಣಗಿತ್ತು. ಹಿಂದೆ ಚಪ್ಪಲಿಗಳ ಸದ್ದಾಯಿತು. ನೇಪಾಳದವರು ಬಂದರು, ವಿಜಯಪುರದವರು ಬಂದರು, ಒಬ್ಬೊಬ್ಬರಾಗಿ ಮಂಡಿಯೂರಿ ಹಣೆ ಕೊಟ್ಟರು. ಅಹ್ಮದ್ ಬಾವಾ ತಿಲಕ ಇಡುವವನಲ್ಲ. ನಾಯಿಯ ಹಾರದಿಂದಲೇ ಒಂದು ಹೂವು ಕಿತ್ತು ಕಿವಿಗೆ ಸಿಕ್ಕಿಸಿಕೊಂಡು ಅವರ ಜೊತೆ ಕುಳಿತ. ಅವನನ್ನು ನೋಡಿ ಬಂಗಾಲಿಗಳೂ ಹಾಗೇ ಮಾಡಿದರು. ನಾಯಿ ಅವರ ನಡುವೆ ಎಲ್ಲೋ ಕೋಳಿಯ ಮೂಳೆ ಕಡಿಯುತ್ತಿತ್ತು.

"ಏಳ್ರೋ, ಒಬ್ಬೊಬ್ಬರನ್ನೂ ಊರಿಗೆ ಅಟ್ತೀನಿ," ಎಂದು ಸಾಹೇಬರು ಕಿರುಚಿದರು. ಯಾರೂ ಏಳಲಿಲ್ಲ. ಕ್ಯಾಮೆರಾ ಈಗ ಸಾಹೇಬರ ಕಡೆ ತಿರುಗಿತ್ತು.

ವ್ಯಾನಿನವನು ಕುಣಿಕೆ ಕಟ್ಟಿದ ಕೋಲು ಹಿಡಿದು ಇಳಿದ. ಮಂಡಿಯೂರಿ ಕುಳಿತ ಆ ಗುಂಪನ್ನು, ಕೆಂಪು ಹಣೆಗಳನ್ನು, ಕಿವಿಯ ಹೂಗಳನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿ, ಸಾಹೇಬರ ಕಡೆ ತಿರುಗಿದ.

"ಇನ್ ಮೇ ಸೆ ಕೌನ್‌ಸಾ, ಸಾಬ್?" ಇವುಗಳಲ್ಲಿ ಯಾವುದನ್ನು ಹಿಡಿಯಲಿ ಎಂದು ಕೇಳಿದ.

ಸಾಹೇಬರು ತೋರಿಸಲೆಂದು ಬೆರಳು ಎತ್ತಿದರು. ಅದು ಹಣೆಯಿಂದ ಹಣೆಗೆ ಸರಿಯಿತು, ನಾಯಿ ಸಿಗಲಿಲ್ಲ. ಇನ್ನೊಂದು ಕೈ ಜೇಬನ್ನು ಬಿಗಿಯಾಗಿ ಒತ್ತಿಕೊಂಡಿತ್ತು.