ಕೆಳಗೆ ನಿಂತವರ ಸೀಟಿ

ಮಗಳ ತುಟಿ ಒಡೆದ ದಿನ ನಾನು ಆ ಕನ್ನಡಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕನ್ನಡಕ ಅಂದರೆ ಮೂಗಿನ ಮೇಲೆ ಕೂರುವಂಥದ್ದಲ್ಲ. ಹಣೆಯಿಂದ ಕೆನ್ನೆಯವರೆಗೆ ಮುಚ್ಚಿ, ತೊಟ್ಟವರನ್ನು ಬೇರೆ ಲೋಕಕ್ಕೇ ಕರೆದೊಯ್ಯುವ ವಿ.ಆರ್. ಕನ್ನಡಕ.

ನಮ್ಮವರು ಗೋಪುರದಂಥ ಕ್ರೇನ್ ಓಡಿಸುವವರು. ಅದರ ಏಣಿಯಿಂದ ಜಾರಿ ಬಲಭುಜ ಮುರಿದುಕೊಂಡರು. ಮೂಳೆಯೇನೋ ಕೂಡಿತು, ಕೈ ಮಾತ್ರ ಎದೆಯಿಂದ ಮೇಲೆ ಏಳಲೊಲ್ಲದು. ಕೈ ತಲೆಯ ಮೇಲಕ್ಕೆ ಹೋಗದೆ ಏಣಿ ಹತ್ತುವಂತಿಲ್ಲ, ಏಣಿ ಹತ್ತದೆ ಕೆಲಸವಿಲ್ಲ. ಆಸ್ಪತ್ರೆಯ ವ್ಯಾಯಾಮದ ಡಾಕ್ಟರಮ್ಮ ಈ ಕನ್ನಡಕ ಕೊಟ್ಟು ಕಳಿಸಿದರು. ಒಳಗೆ ಒಂದು ಹಣ್ಣಿನ ತೋಟ. ದಿನದಿನಕ್ಕೂ ಹಣ್ಣು ಒಂದಿಷ್ಟು ಮೇಲಿನ ಕೊಂಬೆಗೆ ಹೋಗುತ್ತದೆ. ಕೀಳುವ ಹುಮ್ಮಸ್ಸಿನಲ್ಲಿ ನೋವು ಮರೆತುಹೋಗಬೇಕು, ಅಷ್ಟೇ ಉಪಾಯ.

ಉಪಾಯ ಚೆನ್ನಾಗಿಯೇ ಇತ್ತು, ಆದರೆ ತೋಟ ಇದ್ದದ್ದು ನಮ್ಮ ನಡುಮನೆಯಲ್ಲಿ. ನನ್ನ ಹೊಲಿಗೆ ಮಿಷನ್ನು, ಅತ್ತೆಯ ಕುರ್ಚಿ, ಮಗಳ ಆಟ ಎಲ್ಲವೂ ಅಲ್ಲೇ. ಕನ್ನಡಕ ತೊಟ್ಟ ನಮ್ಮವರ ಮುಖ ನಮ್ಮ ಕಡೆಗೇ ಇರುತ್ತಿದ್ದರಿಂದ ಅವರಿಗೆ ನಾವು ಕಾಣುತ್ತೇವೆ ಅಂತಲೇ ನಮಗನ್ನಿಸುತ್ತಿತ್ತು. ಅತ್ತೆಯಂತೂ ಮಗನ ಎದುರು ನಿಂತು ಕೈಸನ್ನೆಯಲ್ಲಿ ಊಟಕ್ಕೆ ಕರೆದು, ಬರಲಿಲ್ಲ ಅಂತ ಮುಖ ಊದಿಸಿಕೊಂಡು ಕೂರುತ್ತಿದ್ದರು. ಹೀಗೇ ಒಂದು ದಿನ ಮಗಳು ಅಪ್ಪನನ್ನು ತಬ್ಬಲು ಓಡಿದಳು. ಹಣ್ಣನ್ನು ಬುಟ್ಟಿಗೆ ಹಾಕಲು ಇಳಿದ ಕೈ ಅವಳ ತುಟಿಗೆ ಬಡಿಯಿತು. ಅವಳು ಅತ್ತ ಮೇಲೆಯೇ ಅಪ್ಪನಿಗೆ ಗೊತ್ತಾದದ್ದು.

ನಾನು ಬಾಯಿಗೆ ಬಂದಂತೆ ಅಂದೆ. ಅವರೇ ಕನ್ನಡಕ ಕಳಚಿ ನನಗೆ ಕೊಟ್ಟುಬಿಟ್ಟರು. ಆಮೇಲೆ ಬರಿಗೈಯಲ್ಲಿ ವ್ಯಾಯಾಮ ಮಾಡಿ ಅಂದರೆ ಎರಡು ಸಲ ಎತ್ತಿ, ಹಲ್ಲು ಕಚ್ಚಿ, ಕಿಟಕಿಯ ಪಕ್ಕ ಕೂತುಬಿಡುತ್ತಿದ್ದರು. ಕೈ ಬಿಗಿಯುತ್ತಾ ಬಂತು. ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡಕ ಹಾಕಿಕೊಳ್ಳಲಿ ಅಂದರು ಡಾಕ್ಟರಮ್ಮ. ಖಾಲಿ ಕೋಣೆಯಂತೆ! ನಮ್ಮ ಮನೆಯಲ್ಲಿ ಬಾಗಿಲಿರುವ ಖಾಲಿ ಜಾಗ ಅಂದರೆ ಬಚ್ಚಲೊಂದೇ. ಅತ್ತ ದರಿ, ಇತ್ತ ಪುಲಿ ಅನ್ನುವಂತಾಯಿತು ನನ್ನ ಪಾಡು. ಕನ್ನಡಕ ಕೊಟ್ಟರೆ ಮಗುವಿನ ಗತಿಯೇನು, ಕೊಡದಿದ್ದರೆ ಅವರ ಕೈಯ ಗತಿಯೇನು?

ಕೊನೆಗೊಂದು ಬೆಳಿಗ್ಗೆ ಮನಸ್ಸು ತಡೆಯದೆ ಬೀಗ ತೆಗೆದು ಕನ್ನಡಕವನ್ನು ಅವರ ಕೈಗಿಟ್ಟೆ. ಮಗಳನ್ನು ಅಡುಗೆಮನೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, ಒಂದು ಕಣ್ಣು ನಡುಮನೆಯ ಮೇಲಿಟ್ಟು ಅಡುಗೆಗೆ ನಿಂತೆ. ಕುಕ್ಕರ್ ಸೀಟಿ ಹೊಡೆಯಿತು. ನಮ್ಮವರು ಕೈ ಎಲ್ಲಿತ್ತೋ ಅಲ್ಲೇ, ಕಲ್ಲಿನ ಹಾಗೆ ನಿಂತುಬಿಟ್ಟರು.

ಗಾಬರಿಯಿಂದ ಓಡಿಹೋಗಿ ಕೇಳಿದೆ. ಕನ್ನಡಕ ಸರಿಸಿ ನಾಚಿಕೊಂಡರು. ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವರಿಗೆ ಕೆಳಗಿನದು ಎಷ್ಟೋ ಸಲ ಕಾಣುವುದೇ ಇಲ್ಲವಂತೆ. ಕೆಳಗೆ ನಿಂತವನ ಸೀಟಿಯೇ ಕಣ್ಣು. ಒಂದು ಸೀಟಿಗೆ ನಿಲ್ಲಿಸಬೇಕು, ಎರಡಕ್ಕೆ ಎತ್ತಬೇಕು, ಮೂರಕ್ಕೆ ಇಳಿಸಬೇಕು.

"ಎತ್ತು, ಇಳಿಸು ಅನ್ನೋದಕ್ಕೆ ಒಬ್ಬನೇ ಇರ್ತಾನೆ," ಅಂದರು. "ನಿಲ್ಲಿಸು ಅಂತ ಮಾತ್ರ ಯಾರು ಬೇಕಾದ್ರೂ ಹೇಳ್ಬಹುದು. ದಾರೀಲಿ ಹೋಗೋರು ಹೇಳಿದ್ರೂ ನಿಲ್ಲಿಸ್ಲೇಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನಮ್ಮ ಕಥೆ. ಅಂದೇ ಎರಡು ಸೀಟಿ ತಂದೆ. ಒಂದನ್ನು ಮಗಳ ಕೈಗೂ ಎಟುಕುವಂತೆ ಅತ್ತೆಯ ಕುರ್ಚಿಗೆ ಕಟ್ಟಿದೆ, ಇನ್ನೊಂದನ್ನು ನನ್ನ ಕೊರಳಿಗೆ ಹಾಕಿಕೊಂಡೆ. ನಿಲ್ಲಿಸುವ ಹಕ್ಕು ಎಲ್ಲರದು, ಎತ್ತು ಇಳಿಸು ಅನ್ನುವುದು ನನ್ನದು. ಅವರು ತೋಟದಲ್ಲಿರುವಷ್ಟು ಹೊತ್ತು ಕುಕ್ಕರಿಗೆ ರಜೆ. ಸನ್ನೆಗೆ ಬಗ್ಗದ ಮಗ ಸೀಟಿಗೆ ನಿಲ್ಲುತ್ತಾನೆಂದು ಅತ್ತೆಗೆ ಎಲ್ಲಿಲ್ಲದ ಖುಷಿ. ಕಾಫಿ ಬೇಕಾ ಅಂತ ಕೇಳಲೂ ಊದುತ್ತಿದ್ದರು. ಕೂತಲ್ಲೇ ಕ್ರೇನ್ ಓಡಿಸುತ್ತೀರಲ್ಲ ಎಂದು ನಾನು ರೇಗಿಸಿದೆ. ನಮ್ಮವರು, ಪಾಪ, ಪ್ರತಿ ಸಲವೂ ನಿಂತರು. ದಿನ ಕಳೆದಂತೆ ಕೈ ಮೇಲೇರಿತು, ಆದರೆ ಮೇಲೆ ನಿಲ್ಲದೆ ತಟಕ್ಕನೆ ಬಿದ್ದುಹೋಗುತ್ತಿತ್ತು. ಹಾಗೆ ಬೀಳುವ ಕೈ ನಂಬಿ ಯಾರು ಏಣಿ ಹತ್ತುತ್ತಾರೆ?

ನಿನ್ನೆ ಸಂಜೆ ನಾನು ತಲೆ ಬಗ್ಗಿಸಿ ಅಂಗಿಯೊಂದಕ್ಕೆ ತೋಳು ಕೂರಿಸುತ್ತಿದ್ದೆ. ಉರುಳಿಹೋದ ನೂಲಿನ ಉಂಡೆ ಹೆಕ್ಕಲು ಅತ್ತೆ ಮಗನ ಕಾಲಬುಡಕ್ಕೇ ಬಗ್ಗಿದ್ದನ್ನು ನಾನು ನೋಡಲಿಲ್ಲ. ಮಗಳು ನೋಡಿದಳು, ಊದಿದಳು. ನಾನು ತಲೆ ಎತ್ತಿದಾಗ ಕೆಳಗೆ ಅತ್ತೆಯ ನರೆತ ತಲೆ, ಮೇಲೆ, ನಮ್ಮವರ ತಲೆಗಿಂತಲೂ ಮೇಲೆ, ಅವರ ಬಲಗೈ. ಅದು ಬೀಳಲಿಲ್ಲ. ಅಪ್ಪಣೆಯಿಲ್ಲದೆ ಇಳಿಸಬಾರದೆಂದು ಹಾಗೇ ಹಿಡಿದು ನಿಂತಿದ್ದರು. ಅತ್ತೆ ಈಚೆ ಸರಿದು, ತಾವೂ ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಇಳಿಸು ಅನ್ನಬೇಕಾದವಳು ನಾನು. ಸೀಟಿ ತುಟಿಗಿಟ್ಟರೆ ಉಸಿರೇ ಹೊರಡಲಿಲ್ಲ. ಇಷ್ಟು ದಿನದ ಭಯವೆಲ್ಲ ಕಣ್ಣಿನಿಂದ ಇಳಿಯುತ್ತಿತ್ತು.

"ಕೆಳಗೆ ಯಾರಾದ್ರೂ ಇದ್ದೀರಾ?" ಅಂದರು ನಮ್ಮವರು. "ಇಳಿಸ್ಲಾ?"

"ಎಲ್ರೂ ಇದ್ದೀವಿ," ಅಂದೆ. "ಇಳಿಸ್ಬೇಡಿ. ಎಡಗೈಲಿ ಕನ್ನಡಕ ತೆಗೆದು ಒಂದ್ಸಲ ಮೇಲೆ ನೋಡಿ."

ತೆಗೆದು ನೋಡಿದರು. ತಮ್ಮದೇ ಕೈಯನ್ನು ಬಹಳ ಹೊತ್ತು ನೋಡಿದರು. ಆದರೂ ಇಳಿಸದೆ ನನ್ನ ಕಡೆ ತಿರುಗಿ ಕಾದರು. ಕಣ್ಣೊರೆಸಿಕೊಂಡು ಮೂರು ಸಲ ಊದಿದೆ. ಕೈ ನಿಧಾನವಾಗಿ ಇಳಿದು ಬಂದು ಮಗಳ ತಲೆಯ ಮೇಲೆ ಹಗುರಾಗಿ ಕೂತಿತು.