ನೋಂದಣಿ ಮುಗಿದ ಸಿಸ್ಟರ್

ಹುಲಿಗೆಮ್ಮನವರು ನಡೆದರೆ ಸದ್ದಾಗುವುದಿಲ್ಲ. ಗೋಡೆಯಾಚೆ ಯಾರೋ ರೋಗಿಗೆ ಈಗಷ್ಟೇ ನಿದ್ದೆ ಹತ್ತಿದೆ ಎಂಬಂತೆ, ಶಿವಮೊಗ್ಗದ ದುರ್ಗಿಗುಡಿಯ ಗಿಜಿಗುಡುವ ಬೀದಿಯಲ್ಲೂ ಮೆಲ್ಲಗೆ ಹೆಜ್ಜೆಯೂರುತ್ತಾರೆ. ನನ್ನ ನೆರೆಯವರು, ಭದ್ರಾವತಿಯ ನರ್ಸಿಂಗ್ ಶಾಲೆಯೊಂದರಲ್ಲಿ ದೀರ್ಘಕಾಲ ಬೋಧಕಿಯಾಗಿದ್ದು ಈಚೆಗೆ ನಿವೃತ್ತರಾದವರು. ಏನನ್ನೇ ಹೇಳಲಿ, ಕೊನೆಗೆ "ಹೌದಾ? ಅಲ್ವಾ?" ಎಂದು ತಮ್ಮನ್ನೇ ಕೇಳಿಕೊಳ್ಳುವುದು ಅವರ ರೂಢಿ.

ಯೌವನದಲ್ಲಿ ಈ ಸಂಶಯವಿರಲಿಲ್ಲವಂತೆ. ಕಾರ್ಖಾನೆಯ ಕಾಲೊನಿಗಳಲ್ಲಿ ಬಿಳಿ ಕೋಟು ತೊಟ್ಟವರೆಲ್ಲ ಇಂಜೆಕ್ಷನ್ ಚುಚ್ಚುತ್ತಿದ್ದ ಆ ದಿನಗಳಲ್ಲಿ, ಅಂಥವರ ಕೈಯಲ್ಲಿ ಬಾಣಂತಿಯೊಬ್ಬಳು ತೀರಿಕೊಂಡ ಮೇಲೆ, ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿಯಿಲ್ಲದವರು ರೋಗಿಯನ್ನು ಮುಟ್ಟಕೂಡದೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಜಗಳವಾಡಿದವರು ಇವರೇ. ಅವರ ತರಗತಿಯ ಪ್ರಥಮ ಪಾಠವೂ ಅದೇ ಆಗಿತ್ತು. ನಿವೃತ್ತಿಯ ನಂತರ ಮಾತ್ರ, ಕೆಲಸವಿಲ್ಲದವಳಿಗೆ ಏಕೆಂದು, ತಮ್ಮ ನೋಂದಣಿಯನ್ನು ನವೀಕರಿಸದೆ ಬಿಟ್ಟರು.

ಕಳೆದ ವರ್ಷ ಭದ್ರಾವತಿಯಲ್ಲಿ ಮದುವೆಯೊಂದನ್ನು ಮುಗಿಸಿ ನಾವಿಬ್ಬರೂ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದೆವು. ಎದುರಿನಲ್ಲೇ ಬೈಕೊಂದು ಲಾರಿಗೆ ತಾಗಿ ಉರುಳಿತು. ಸವಾರನ ತೊಡೆಯಿಂದ ರಕ್ತ ಚಿಮ್ಮತೊಡಗಿತು. ಹುಲಿಗೆಮ್ಮನವರು ಧಾವಿಸಿದರು, ಅರ್ಧದಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಅವರ ಹಳೆಯ ಶಿಷ್ಯೆ, ಆಗಿನ್ನೂ ನರ್ಸಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದ ಪೂಜಿತಾ, ಗುಂಪನ್ನು ಸರಿಸಿಕೊಂಡು ಬಂದಳು.

"ಮುಟ್ಟಬೇಡ ಕಣೇ, ನಿಂಗಿನ್ನೂ ನೋಂದಣಿ ಆಗಿಲ್ಲ."

"ಹಾಗಾದ್ರೆ ನೀವೇ ಮಾಡಿ ಮೇಡಂ!"

"ನಂದು ಮುಗಿದುಹೋಗಿದೆಯಲ್ಲೇ ಮಾರಾಯ್ತಿ!"

ಹೀಗೆನ್ನುತ್ತಲೇ ಅವರು ಮಂಡಿಯೂರಿದ್ದರು. ಮದುವೆಯಲ್ಲಿ ಕೊಟ್ಟಿದ್ದ ಹೊಸ ರವಿಕೆ ಕಣವನ್ನು ಗಾಯಕ್ಕೆ ಅದುಮಿ, ಪೂಜಿತಾಳ ಕೈಗಳನ್ನೂ ಎಳೆದು ತಮ್ಮ ಕೈಗಳ ಮೇಲಿಟ್ಟುಕೊಂಡರು. ಅವನನ್ನೂ ನಮ್ಮನ್ನೂ ಹೊತ್ತ ಆಟೋ ಆಸ್ಪತ್ರೆ ಮುಟ್ಟುವವರೆಗೂ ಅವರಿಬ್ಬರೂ ಹಿಡಿತ ಸಡಿಲಿಸಲಿಲ್ಲ. ಅವನು ಬದುಕಿದ.

"ನೀವು ನರ್ಸಾ?" ಎಂದು ವೈದ್ಯರು ಮೆಚ್ಚುಗೆಯಿಂದ ಕೇಳಿದರು.

ಹುಲಿಗೆಮ್ಮನವರು ಶಿಷ್ಯೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಗೊತ್ತಿಲ್ಲ ಸಾರ್."

ಪ್ರಥಮ ಚಿಕಿತ್ಸೆಯನ್ನು ಯಾರು ಬೇಕಾದರೂ ಮಾಡಬಹುದಲ್ಲ ಎಂದು ಬಸ್ಸಿನಲ್ಲಿ ನಾನು ಸಮಾಧಾನ ಹೇಳಿದೆ. ಅವರಿಗದು ಸಮಾಧಾನವಾಗಲಿಲ್ಲ. "ಯಾರು ಬೇಕಾದ್ರೂ ಮಾಡಬಹುದು ಅಂದ್ರೆ ನಾನು ಜನ್ಮವಿಡೀ ಜಗಳ ಆಡಿದ್ದು ಯಾತಕ್ಕೆ? ಮಾಡಬಾರದು ಅಂದ್ರೆ ಇವತ್ತು ಮಾಡಿದ್ದೇನು?"

ಈಗ ನವೀಕರಣಕ್ಕೆ ಬೇಕಾದ ತರಗತಿಗಳಿಗೆ ಹೋಗುತ್ತಿದ್ದಾರೆ. ಪಾಠ ಹೇಳುವವಳು ಅವರ ಶಿಷ್ಯೆಯೇ ಆದ ದೀಪಶ್ರೀ. ಅವಳು ತರಗತಿಯೊಳಗೆ ಬಂದಾಗ ಎದ್ದು ನಿಲ್ಲಬೇಕಾದವರು ಯಾರೆಂದು ಇಬ್ಬರಿಗೂ ತಿಳಿಯುವುದಿಲ್ಲವಂತೆ.

ಇಂಥವರಿಗೆ ನಿಯಮವೂ ಬೇಕು, ಮನುಷ್ಯನೂ ಬೇಕು. ಎರಡೂ ಒಂದೇ ಗಳಿಗೆಯಲ್ಲಿ ಕೂಗಿದರೆ ಅವರು ಮನುಷ್ಯನ ಕಡೆಗೇ ಓಡುತ್ತಾರೆ; ಓಡಿದ್ದು ಸರಿಯೇ ಎಂದು ಉಳಿದ ಆಯುಷ್ಯವೆಲ್ಲ ಯೋಚಿಸುತ್ತಾರೆ.