ಎಂಬತ್ತು ಗಜ ಹಿಂದಕ್ಕೆ

ಮ್ಯೂರಿಯಲ್ ಶವದ ಗಾಡಿಯ ಮುಂದಿನ ಬಾಗಿಲನ್ನು ತಾನೇ ಎಳೆದು ತೆಗೆದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡುಬಿಟ್ಟಳು.

"ಅಮ್ಮ, ಅದು ಅವರ ಕೆಲಸದವರು ಕೂರೋ ಜಾಗ," ಎಂದಳು ಮಗಳು ಹಿಲರಿ, ಕಿಟಕಿಗೆ ಬಗ್ಗಿ. "ನಮ್ಮ ಕಾರಲ್ಲಿ ಬಾ. ಹಿಂದಿನ ಸೀಟಲ್ಲಿ ಆರಾಮಾಗಿ ಕೂರಬಹುದು."

"ಐವತ್ತಾರು ವರ್ಷ ನಿಮ್ಮಪ್ಪನ ಜೊತೆ ಮುಂದಿನ ಸೀಟಲ್ಲೇ ಹೋಗಿದ್ದೀನಿ. ಇವತ್ತು ಹಿಂದೆ ಬೇರೆ ಕಾರಲ್ಲಿ ಹೋಗ್ಲಾ?"

"ಇವತ್ತು ಅಪ್ಪ ಗಾಡಿ ಓಡಿಸ್ತಿಲ್ವಲ್ಲಮ್ಮ."

"ಅದು ನನಗೂ ಗೊತ್ತು."

ಮ್ಯೂರಿಯಲ್‌ಳ ತೀರಿಹೋದ ಗಂಡ ಸಿರಿಲ್‌ನ ತಮ್ಮ ನಾರ್ಮನ್, ಅಣ್ಣನನ್ನು ಊರಿಗೆ ಕರೆದೊಯ್ಯಲು ನಿನ್ನೆಯೇ ಟಾಂಟನ್ ಪಟ್ಟಣಕ್ಕೆ ಬಂದಿದ್ದವನು, ಹಿಲರಿಯ ತೋಳು ಹಿಡಿದ. "ಬಿಡಮ್ಮ. ಅವಳು ಕೂತ ಮೇಲೆ ಎಬ್ಬಿಸಿದವರು ಯಾರಿದ್ದಾರೆ?"

ಡ್ರೈವರ್ ಟ್ರೆವರ್ ನಿಧಾನದ ಮನುಷ್ಯ. ಟೋಪಿ ತೆಗೆದು ಪಕ್ಕಕ್ಕಿಟ್ಟು, "ಮಿಸೆಸ್ ಬಿಕಲ್, ಎರಡೂವರೆಗೆ ವೆನ್ಸ್‌ಕಂಬ್ ಚರ್ಚಲ್ಲಿರಬೇಕು," ಎಂದ. "ಅದಾದ ಮೇಲೆ ಪಾದ್ರಿಗಳು ಇನ್ನೊಂದು ಊರಲ್ಲಿ ಮದುವೆ ಮಾಡಿಸಬೇಕಂತೆ. ದೊಡ್ಡ ರಸ್ತೇಲಿ ಹೋಗೋಣ."

"ಅವನು ಹುಟ್ಟಿದೂರಿಗೆ ಒಂದು ದಿನವೂ ದೊಡ್ಡ ರಸ್ತೇಲಿ ಹೋದೋನಲ್ಲ. ಒಳದಾರಿ ಹಿಡೀರಿ. ನಾನು ಹೇಳ್ತಾ ಹೋಗ್ತೀನಿ." ಅವಳು ಕೈಚೀಲದಿಂದ ನಕ್ಷೆ ತೆಗೆದು ಮಡಿಲ ಮೇಲೆ ಹರಡಿದಳು. ಮಡಿಕೆಗಳಲ್ಲಿ ಹರಿದು ಟೇಪು ಅಂಟಿಸಿದ, ಟೀ ಕಲೆಗಳ ನಕ್ಷೆ. "ಇನ್ನೊಂದು ಮಾತು. ಇವತ್ತು ಯಾರೇ ಎದುರಿಗೆ ಬರಲಿ, ನೀವು ಗಾಡಿ ಹಿಂದಕ್ಕೆ ತಗೋಬಾರದು. ಒಂದು ಗಜವೂ."

ಟ್ರೆವರ್ ಅವಳ ಮುಖ ನೋಡಿದ. "ಈ ಗಾಡಿ ಕಂಡ್ರೆ ಎಂಥವರೂ ತಾವಾಗೇ ಸರೀತಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರಿಗೂ ಹಿಂದೆ ತಗೊಂಡಿಲ್ಲ."

"ಹಾಗಾದರೆ ಸರಿ," ಎಂದಳು ಮ್ಯೂರಿಯಲ್. ಅವಳಿಗೆ ಇವತ್ತು ಬೇಕಾಗಿದ್ದದ್ದು ಅದೊಂದೇ.

* * *

ಸಿರಿಲ್ ಬಿಕಲ್ ಮೂವತ್ತೆಂಟು ವರ್ಷ ಟಾಂಟನ್‌ನಲ್ಲಿ ಬಸ್ಸು ಓಡಿಸಿದ. ವರ್ಷವೆಲ್ಲ ಬಸ್ಸು ಓಡಿಸಿ ಸಾಕಾಗದೆ, ಜೂನ್ ಮೊದಲ ವಾರ ರಜೆ ಹಾಕಿ ಸ್ವಂತ ಕಾರಿನಲ್ಲಿ ಹೊರಡುತ್ತಿದ್ದ. ಮದುವೆಯಾದ ವರ್ಷ ಶುರುವಾದ ತಿರುಗಾಟ ಅದು. ಸಾಮರ್‌ಸೆಟ್‌ನ ಒಳದಾರಿಗಳು, ಎಕ್ಸ್‌ಮೂರ್‌ನ ಬಯಲು, ಡೆವನ್‌ನ ಓಣಿಗಳು. ಕೊನೆಗೆ ಭಾನುವಾರ ವೆನ್ಸ್‌ಕಂಬ್‌ನಲ್ಲಿ ತಮ್ಮನ ಮನೆಯ ಊಟ. ಅವನು ಓಡಿಸುವುದು, ಇವಳು ನಕ್ಷೆ ನೋಡಿ ದಾರಿ ಹೇಳುವುದು. ಹನ್ನೊಂದಕ್ಕೆ ಎಲ್ಲಿದ್ದರೂ ನಿಲ್ಲಿಸಿ ಫ್ಲಾಸ್ಕಿನ ಟೀ.

ಆ ಓಣಿಗಳೋ, ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಬೇಲಿ, ನಡುವೆ ಒಂದೇ ಗಾಡಿಯ ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಒಂದಿಷ್ಟು ಜಾಗ. ಎದುರಿಗೆ ಗಾಡಿ ಬಂದರೆ, ಆ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಹೋಗಿ ದಾರಿ ಬಿಡಬೇಕು. ದಾಟಿ ಹೋಗುವವರು ಸ್ಟೀರಿಂಗ್‌ನಿಂದ ಒಂದು ಬೆರಳೆತ್ತಬೇಕು. ಅಷ್ಟೇ ಕಟ್ಟಲೆ. ಆದರೆ ಸಿರಿಲ್‌ಗೆ ಹತ್ತಿರವೂ ಒಂದೇ, ದೂರವೂ ಒಂದೇ. ಎದುರಿನವನ ಬೆನ್ನ ಹಿಂದೆಯೇ ಜಾಗವಿದ್ದರೂ ಇವನದು ಹಿಂದಿನ ಗೇರು. ಸಾಲದ್ದಕ್ಕೆ ಬೆರಳೆತ್ತುವುದೂ ಇವನೇ ಮೊದಲು.

"ದಾರಿ ಬಿಟ್ಟಿದ್ದು ನೀನು. ಥ್ಯಾಂಕ್ಸ್ ಅವರಲ್ವಾ ಹೇಳಬೇಕಾದ್ದು?"

"ಪಾಪ, ಅವರಿಗೆ ಮುಜುಗರ ಆಗಬಾರದು ನೋಡು."

"ಆಗಲಿ ಬಿಡು ಮಾರಾಯ."

"ಎಡಕ್ಕೆ ಎಷ್ಟಿದೆ ಹೇಳು," ಎನ್ನುತ್ತಿದ್ದ ಅವನು. ಇವಳು ಬೈಯುತ್ತಲೇ ಸೀಟಿನ ಮೇಲೆ ತೋಳು ಚೆಲ್ಲಿ, ಹಿಂದಕ್ಕೆ ತಿರುಗಿ, ಎಡ ಬಲ ಹೇಳುತ್ತಿದ್ದಳು.

ಹೇಳಿ, ಇಂಥವನ ಜೊತೆ ಸಂಸಾರ ಸುಲಭವೇ? ಡಿಪೋದಲ್ಲಿ ಇನ್ಸ್‌ಪೆಕ್ಟರ್ ಹುದ್ದೆ ಇವನ ಬಾಗಿಲಿಗೆ ಬಂದರೆ, "ಅವನಿಗೆ ಮೂರು ಮಕ್ಕಳು" ಎಂದು ಇನ್ನೊಬ್ಬನಿಗೆ ಬಿಟ್ಟ. ಅಪ್ಪನ ಜಮೀನು, ಕಲ್ಲಿನ ಮನೆ, ಅರವತ್ತು ದನ, ಎಲ್ಲವನ್ನೂ ತಮ್ಮನಿಗೆ ಬಿಟ್ಟ. ಹಿರಿಯ ಮಗನಾಗಿ ಹುಟ್ಟಿ, ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಎರಡು ಕೋಣೆಯಲ್ಲಿ ಬದುಕು ಕಳೆದ. ಮ್ಯೂರಿಯಲ್‌ಗೆ ಆ ಕೋಣೆಗಳಲ್ಲಿ ಯಾವಾಗಲೂ ಸೋಪಿನ ವಾಸನೆ.

ಕಳೆದ ಜೂನ್‌ನಲ್ಲಿ ಅವನ ಕೈ ನಡುಗತೊಡಗಿತ್ತು. ಓಣಿಯಲ್ಲಿ ಸಾಮಾನು ಹಂಚುವ ವ್ಯಾನೊಂದು ಹಾರ್ನ್ ಬಾರಿಸುತ್ತ ಎದುರಾಯಿತು. ವ್ಯಾನಿನ ಹಿಂದೆಯೇ ಜಾಗವಿತ್ತು. ಆದರೂ ಸಿರಿಲ್ ಹಿಂದಿನ ಗೇರು ಹಾಕಿದ. ಮ್ಯೂರಿಯಲ್‌ಗೆ ತಡೆಯಲಾಗಲಿಲ್ಲ.

"ಜೀವಮಾನವೆಲ್ಲ ಹಿಂದಕ್ಕೇ ಹೋದೆ ನೀನು. ನನ್ನನ್ನೂ ಎಳ್ಕೊಂಡು ಹೋದೆ."

ಆ ಸಲ ಅವಳು ಹಿಂದಕ್ಕೆ ತಿರುಗಲಿಲ್ಲ. ಅವನೂ ಎಡಕ್ಕೆಷ್ಟಿದೆ ಎಂದು ಕೇಳಲಿಲ್ಲ. ಕಾರಿನ ಮಗ್ಗುಲು ದಿಬ್ಬಕ್ಕೆ ತರಚಿತು. ವ್ಯಾನು ದಾಟುವಾಗ ಅವನು ಎಂದಿನಂತೆ ಬೆರಳೆತ್ತಿದ.

ಆಮೇಲೆ ಮಾತಾಡಿದರು, ನಕ್ಕರು, ಕ್ರಿಸ್‌ಮಸ್ ಮಾಡಿದರು. ಆದರೆ ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಸಿರಿಲ್ ಟೀ ಕುಡಿಯುತ್ತ ಕೂತವನು ಕೂತಲ್ಲೇ ಹೋದ.

* * *

ಎಕ್ಸ್‌ಮೂರ್‌ನ ಏರು ಹತ್ತಿ ಬಯಲಿಗೆ ಬಂದಾಗ ಹನ್ನೊಂದಾಗಿತ್ತು. ಮ್ಯೂರಿಯಲ್ ಗಾಡಿ ನಿಲ್ಲಿಸಲು ಹೇಳಿದಳು. ಹಿಂದಿನ ಕಾರಿನಿಂದ ಹಿಲರಿಯೂ ನಾರ್ಮನ್ನೂ ಇಳಿದರು.

"ಅಮ್ಮ, ಅಪ್ಪನನ್ನ ಇಟ್ಕೊಂಡು ರಸ್ತೆ ಬದಿ ಟೀ ಕುಡಿಯೋದಾ?"

"ಅವನನ್ನ ಇಟ್ಕೊಂಡೇ ಕುಡಿದಿದ್ದು ಪ್ರತಿ ವರ್ಷ."

ನಾರ್ಮನ್ ಲೋಟ ಹಿಡಿದು ದೂರದ ಕುರಿಗಳನ್ನು ನೋಡುತ್ತಿದ್ದ. "ಇಲ್ಲಿವರೆಗೂ ಎಲ್ಲರೂ ದಾರಿ ಬಿಟ್ಟರು. ಟ್ರ್ಯಾಕ್ಟರ್‌ನವನು ಟೋಪಿ ಬೇರೆ ತೆಗೆದ. ಅಣ್ಣ ಇದ್ದಿದ್ದರೆ ನಾಚಿಕೊಂಡು ಸಾಯ್ತಿದ್ದ."

"ನಾಚಲಿ," ಎಂದಳು ಮ್ಯೂರಿಯಲ್. "ಎಲ್ಲ ಬಿಟ್ಟುಬಿಟ್ಟೇ ಬಂದ. ನಿನಗೂ ಬಿಟ್ಟ. ನೀನಂತೂ ಕೇಳಲೂ ಇಲ್ಲ, ಬೇಡ ಅನ್ನಲೂ ಇಲ್ಲ."

ಹಿಲರಿ "ಅಮ್ಮ" ಎಂದು ಗದರಿದಳು. ನಾರ್ಮನ್ ಕೋಪಿಸಿಕೊಳ್ಳಲಿಲ್ಲ. ಅವನಿಗೂ ಎಂಬತ್ತರ ಹತ್ತಿರ. ಕೋಪಕ್ಕೆಲ್ಲ ಈಗ ಪುರುಸೊತ್ತಿರಲಿಲ್ಲ.

"ನನಗೋಸ್ಕರ ಬಿಟ್ಟ ಅಂದ್ಕೊಂಡಿದ್ದೀಯಾ? ನಿಶ್ಚಿತಾರ್ಥ ಆದಮೇಲೆ ನೀನು ಮೊದಲ ಸಲ ನಮ್ಮ ಮನೆಗೆ ಬಂದೆಯಲ್ಲ, ನೆನಪಿದೆಯಾ? ಹಾಲು ಕರೆಯೋ ಕೊಟ್ಟಿಗೆ ಬಾಗಿಲಲ್ಲೇ ನಿಂತೆ. ಕರವಸ್ತ್ರ ಮೂಗಿಂದ ತೆಗೀಲಿಲ್ಲ. ಹಸು ತಲೆ ಆಡಿಸಿದ್ದಕ್ಕೆ ಅಂಗಳದ ತನಕ ಓಡಿದೆ."

"ಪಟ್ಟಣದಲ್ಲಿ ಬೆಳೆದವಳು. ಹೆದರಿಕೆ ಆಗಲ್ವಾ?"

"ಆಗುತ್ತೆ, ನಾನೇನು ತಪ್ಪು ಅಂದ್ನಾ? ನಿನ್ನನ್ನ ಬಸ್ಸಿಗೆ ಹತ್ತಿಸಿ ಬಂದು ಅಣ್ಣ ನನಗೆ ಹೇಳಿದ, 'ನಾರ್ಮನ್, ಇದನ್ನೆಲ್ಲ ನೀನೇ ನೋಡ್ಕೋ. ಅವಳು ಇಲ್ಲಿ ಬಾಡಿಹೋಗ್ತಾಳೆ' ಅಂತ. ಕೊಟ್ಟಿಗೇಲಿ ಒಬ್ಬನೇ ತುಂಬಾ ಹೊತ್ತು ಇದ್ದ ಆವತ್ತು."

"ನಾನು ಯಾವತ್ತೂ ಹಾಗೆ ಹೇಳಲಿಲ್ಲ."

"ನೀನು ಹೇಳಲಿಲ್ಲ. ಅವನು ನೋಡಿದ."

ಮ್ಯೂರಿಯಲ್ ಲೋಟದಲ್ಲಿ ಉಳಿದ ಟೀಯನ್ನು ಹುಲ್ಲಿಗೆ ಚೆಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಮುಚ್ಚಳ ಅಡ್ಡಡ್ಡ ಕೂತಿತು. ಹಿಲರಿ ಸರಿಮಾಡಿಕೊಟ್ಟಳು.

ಮತ್ತೆ ಗಾಡಿ ಹತ್ತಿ ಅವಳು ನಕ್ಷೆ ಹರಡಿಕೊಂಡಳು. ಒಂದು ಕವಲಿನಲ್ಲಿ ದಾರಿ ಹೇಳುವುದನ್ನೇ ಮರೆತು, ಮೂರು ಮೈಲಿ ಸುತ್ತು ಬಿತ್ತು. ಐವತ್ತಾರು ವರ್ಷದಲ್ಲಿ ಅವಳಿಗೆ ದಾರಿ ತಪ್ಪಿದ್ದು ಅದೇ ಮೊದಲು.

* * *

ವೆನ್ಸ್‌ಕಂಬ್ ಇನ್ನು ಎರಡು ಮೈಲಿ ಇದ್ದಾಗ ಎರಡು ದಾಟಿತ್ತು. ಓಣಿಯ ತಿರುವಿನಲ್ಲಿ ಟ್ರೆವರ್ ಬ್ರೇಕು ಹಾಕಿದ. ಎದುರಿಗೆ ಸಣ್ಣ ನೀಲಿ ಕಾರು, ಅದರ ಬೆನ್ನಿಗೆ ಬಿಳಿಯ ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ, ಓಣಿಯ ಅಗಲಕ್ಕೆ ತುಂಬಿಕೊಂಡು.

ಕಾರಿನಲ್ಲಿದ್ದ ಹುಡುಗ ಶವದ ಗಾಡಿ ಕಂಡದ್ದೇ ಬೆಳ್ಳಗಾದ. ತಕ್ಷಣ ಹಿಂದಕ್ಕೆ ತೆಗೆದುಕೊಂಡ. ಕ್ಯಾರವಾನ್ ಅಡ್ಡ ತಿರುಗಿ ಮೂಲೆ ದಿಬ್ಬಕ್ಕೆ ಹೊಕ್ಕಿತು. ಮುಂದಕ್ಕೆ ಬಂದು ಮತ್ತೆ ಪ್ರಯತ್ನಿಸಿದ. ಈ ಸಲ ಇನ್ನೊಂದು ಕಡೆಗೆ ತಿರುಗಿತು. ಟ್ರೆವರ್ ಇಳಿದುಹೋಗಿ ಮಾತಾಡಿ ಬಂದ.

"ಕ್ಯಾರವಾನ್ ಎಳೀತಿರೋದು ಇದೇ ಮೊದಲಂತೆ. ಹೊಸದಾಗಿ ಮದುವೆಯಾದವರು."

ಅಷ್ಟರಲ್ಲಿ ನಾರ್ಮನ್ ಕಿಟಕಿಯ ಹತ್ತಿರ ಬಂದಿದ್ದ. "ಅವರ ಹಿಂದೆ ಇಪ್ಪತ್ತು ಗಜದಲ್ಲೇ ನಮ್ಮ ಹೊಲದ ಗೇಟಿದೆ, ಸರಿಯೋಕೆ ಜಾಗ ಇದೆ. ಹೋಗಲಿ ಹಿಂದಕ್ಕೆ. ಸತ್ತವರಿಗೆ ದಾರಿ ಬಿಡೋಕೂ ಬರಲ್ಲ ಅಂದ್ರೆ ಮನೇಲಿರಬೇಕು."

ಮ್ಯೂರಿಯಲ್ ಗಾಜಿನಾಚೆ ನೋಡುತ್ತಿದ್ದಳು. ನೀಲಿ ಕಾರಿನಲ್ಲಿ ಹುಡುಗನ ಪಕ್ಕ ಒಬ್ಬ ಹುಡುಗಿ, ಮಡಿಲಲ್ಲಿ ನಕ್ಷೆ. ಅವಳ ಬಾಯಿ ಒಂದೇ ಸಮ ಆಡುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಇಲ್ಲಿಗೆ ಕೇಳಿಸುವಂತಿರಲಿಲ್ಲ. ಮ್ಯೂರಿಯಲ್‌ಗೆ ಕೇಳಿಸಬೇಕಾಗಿಯೂ ಇರಲಿಲ್ಲ. ಹುಡುಗ ಮೂರನೆಯ ಸಲ ಹಿಂದಿನ ಗೇರು ಹಾಕುತ್ತಿದ್ದ.

"ಟ್ರೆವರ್," ಎಂದಳು. "ನಮ್ಮ ಹಿಂದೆ ಜಾಗ ಎಷ್ಟು ದೂರ?"

"ಎಂಬತ್ತು ಗಜ ಇರಬಹುದು. ಆದ್ರೆ ನೀವೇ ಹೇಳಿದ್ರಿ…"

"ಹೇಳಿದ್ದೆ. ಹಿಂದಕ್ಕೆ ತಗೊಳ್ಳಿ."

"ಪೆಟ್ಟಿಗೆ, ಹೂವು, ಎಲ್ಲ ಅಡ್ಡ. ನನಗೆ ಹಿಂದೆ ಏನೂ ಕಾಣಲ್ಲ ಮಿಸೆಸ್ ಬಿಕಲ್."

"ನಾನಿದ್ದೀನಲ್ಲ."

ನಾರ್ಮನ್ ಕಿಟಕಿಯಿಂದ ಸರಿದ. ಹೋಗಿ ಹಿಲರಿಯ ಕಾರನ್ನು ಮೊದಲು ಹಿಂದಕ್ಕೆ ತೆಗೆಸಿದ. ಮ್ಯೂರಿಯಲ್ ಬೆಲ್ಟು ಬಿಚ್ಚಿ, ಸೀಟಿನ ಮೇಲೆ ತೋಳು ಚೆಲ್ಲಿ, ಹಿಂದಕ್ಕೆ ತಿರುಗಿದಳು. ಓಣಿ ಕಾಣಬೇಕಾದರೆ ಸಿರಿಲ್‌ನ ಪೆಟ್ಟಿಗೆಯುದ್ದಕ್ಕೂ ನೋಟ ಹಾಯಿಸಬೇಕಿತ್ತು. ಕಣ್ಣು ತುಂಬಿ ಬಂತು. ಮುಂಗೈಯಿಂದ ಒರೆಸಿಕೊಂಡಳು, ಅಳುತ್ತ ಕೂತರೆ ದಿಬ್ಬ ಕಾಣುವುದಿಲ್ಲ.

"ನೇರ ಬನ್ನಿ. ಎಡಕ್ಕೆ ಒಂದು ಗೇಣಿದೆ. ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ. ಹಾಂ, ಹಾಗೇ. ನಿಧಾನ, ಸಿರಿಲ್."

ಟ್ರೆವರ್ ತಿದ್ದಲಿಲ್ಲ. ಕಪ್ಪು ಗಾಡಿ ಎಂಬತ್ತು ಗಜವನ್ನೂ ಹಿಂದುಹಿಂದಕ್ಕೆ ಹೋಗಿ, ಬೇಲಿಯ ಒಂದೆಲೆಯೂ ಸೋಕದಂತೆ ಪಕ್ಕದ ಜಾಗಕ್ಕೆ ಸರಿದು ನಿಂತಿತು.

ನೀಲಿ ಕಾರು ಕ್ಯಾರವಾನ್ ಎಳೆದುಕೊಂಡು ಮೆಲ್ಲಗೆ ಬಂತು. ಹುಡುಗ ಈ ಕಡೆ ನೋಡುವ ಧೈರ್ಯವಿಲ್ಲದೆ ಎರಡೂ ಕೈಯಲ್ಲಿ ಸ್ಟೀರಿಂಗ್ ಅವಚಿಕೊಂಡಿದ್ದ. ಹುಡುಗಿ ತಲೆ ತಗ್ಗಿಸಿದ್ದಳು. ಅವರು ಸರಿಸಮಕ್ಕೆ ಬರುವ ಮೊದಲೇ ಮ್ಯೂರಿಯಲ್, ಮಡಿಲಲ್ಲಿದ್ದ ಹಳೆಯ ನಕ್ಷೆಯ ಮೇಲಿಂದ, ಒಂದು ಬೆರಳೆತ್ತಿದಳು.